ಡೆಲ್ಫೀನ್ ಗಿಡ್ರಿ ಕೇಳಿದ ತಿದ್ದುಪಡಿ

ಡೆಲ್ಫೀನ್ ಗಿಡ್ರಿಯನ್ನು ನಾನು ಮೊದಲು ನೋಡಿದ್ದು ನಮ್ಮ ಬಾಗಿಲ ಕ್ಯಾಮೆರಾದಲ್ಲಿ. 2025ರ ಜುಲೈ, ಒಂದು ಮಂಗಳವಾರ. ಊಟ ಮುಗಿಸಿ ಪಾತ್ರೆಗಳನ್ನು ಡಿಶ್‌ವಾಷರಿಗೆ ತುಂಬುತ್ತಿದ್ದೆ. ಡ್ಯಾಲಸ್ ಪಕ್ಕದ ಪ್ಲೇನೋದ ನಮ್ಮ ಬೀದಿಯಲ್ಲಿ ಆ ಬಿಸಿಲಿಗೆ ಯಾರೂ ನಡೆದು ಬರುವುದಿಲ್ಲ. ಪರದೆಯಲ್ಲಿ ಆರಡಿ ಎತ್ತರದ, ಕಪ್ಪು ಜನಾಂಗದ ವಯಸ್ಸಾದ ಹೆಂಗಸು ಕಾಣಿಸಿದರು. ತಿಳಿಹಸಿರು ಸ್ಕರ್ಟು, ಅದೇ ಬಣ್ಣದ ಕೋಟು, ಭಾನುವಾರ ಚರ್ಚಿಗೆ ಹಾಕಿಕೊಂಡು ಹೋಗುವಂಥ ಅಗಲ ಅಂಚಿನ ಟೋಪಿ, ಕೈಯಲ್ಲಿ ಊರುಗೋಲು. ಧರ್ಮಪ್ರಚಾರಕ್ಕೆ ಬಂದವರಿರಬೇಕು ಎಂದುಕೊಂಡು ಬಾಗಿಲನ್ನು ಅರ್ಧ ತೆರೆದೆ.

"ಡಾಕ್ಟರ್ ತಿರುಮಲ ಇದ್ದಾರಾ?" ಧ್ವನಿ ದಪ್ಪಗಿತ್ತು.

"ಏನು ವಿಷಯ?"

"ನಲವತ್ತೆಂಟು ವರ್ಷದ ಹಿಂದೆ ಅವರು ನನ್ನ ಬಟ್ಟೆ ಬಿಚ್ಚಿಸಿದ್ರು. ಅದರ ಬಗ್ಗೆ ಮಾತಾಡಬೇಕು."

ನನ್ನ ಗಂಡ ಒಳಕೋಣೆಯಲ್ಲಿ ಸುಡೊಕು ತುಂಬುತ್ತ ಕೂತಿದ್ದರು. "ಮನೇಲಿಲ್ಲ" ಎಂದೆ. ಆಕೆಯ ಕಣ್ಣು ಬಾಗಿಲ ಪಕ್ಕದಲ್ಲಿ ಬಿಟ್ಟಿದ್ದ ಅವರ ಚಪ್ಪಲಿಯ ಮೇಲೆ ಹೋಯಿತು. ಚೀಲದಿಂದ ಒಂದು ಲಕೋಟೆ ತೆಗೆದು ನನ್ನ ಕೈಗಿಟ್ಟು, ಊರುಗೋಲು ಕುಟ್ಟುತ್ತ ಬೀದಿಯ ತುದಿಯಲ್ಲಿ ಕಾಯುತ್ತಿದ್ದ ಬಾಡಿಗೆ ಕಾರಿನ ಕಡೆಗೆ ಹೋದರು. ನಮ್ಮ ಮನೆಯ ಮುಂದೆ ಯಾಕೆ ಕಾರು ನಿಲ್ಲಿಸಿಕೊಳ್ಳಲಿಲ್ಲ ಎಂದು ಆಗ ಹೊಳೆಯಲಿಲ್ಲ. ಅಪರಿಚಿತ ಕಾರು ನಿಂತರೆ ಪೊಲೀಸರಿಗೆ ಫೋನ್ ಮಾಡುವ ಬೀದಿ ನಮ್ಮದು. ಅದು ಆಕೆಗೆ ಗೊತ್ತಿತ್ತು.

ಲಕೋಟೆಯಲ್ಲಿ ಒಂದು ಹಳೆಯ ಫಾರ್ಮಿನ ಜೆರಾಕ್ಸ್ ಇತ್ತು. 1977ರ ಮಾರ್ಚ್, ಹ್ಯೂಸ್ಟನ್. ಬಂಧಿತ ವ್ಯಕ್ತಿಯ ದೇಹಪರೀಕ್ಷೆಯ ವರದಿ. ಒಂದು ಗಂಡು ಹೆಸರು, 'ಲಿಂಗ: ಪುರುಷ', ಅದರ ಕೆಳಗೆ 'ಸಹಕರಿಸಿದರು', 'ವಿರೋಧಿಸಿದರು' ಎಂಬ ಎರಡು ಖಾನೆ. ಮೊದಲನೆಯದಕ್ಕೆ ಟಿಕ್ ಹಾಕಿತ್ತು. ಕೊನೆಯಲ್ಲಿದ್ದ ಸಹಿಯನ್ನು ನಾನು ಮದುವೆಯಾದ ನಲವತ್ತಾರು ವರ್ಷದಿಂದ ನೋಡುತ್ತಿದ್ದೇನೆ. ಕೊನೆಯ ಅಕ್ಷರದ ಬಾಲ ಹಿಂದಕ್ಕೆ ಬಂದು ಇಡೀ ಹೆಸರಿಗೆ ಅಡಿಗೆರೆ ಎಳೆಯುತ್ತದೆ. ಟಿಕ್ಕಿನ ಸುತ್ತ ಕೆಂಪು ಶಾಯಿಯಲ್ಲಿ ಗೆರೆ ಸುತ್ತಿ 'ಇದು ಸುಳ್ಳು' ಎಂದು ಬರೆದಿತ್ತು, ಜೊತೆಗೆ ಒಂದು ಫೋನ್ ನಂಬರು.

ಗಂಡನ ಮುಂದೆ ಹಾಳೆ ಇಟ್ಟೆ. ಕನ್ನಡಕ ಏರಿಸಿಕೊಂಡು ಓದಿದರು. ಎರಡನೆಯ ಸಲವೂ ಓದಿದರು.

"ರೆಸಿಡೆನ್ಸಿ ಟ್ರೈನಿಂಗ್ ಟೈಮಲ್ಲಿ ಒಂದು ಕ್ಲಿನಿಕ್‌ನವರು ಹಿಡಿದು ತಂದವರನ್ನ ನೋಡೋಕೆ ನನ್ನನ್ನ ಲಾಕಪ್ಪಿಗೆ ಕಳಿಸ್ತಿದ್ರು. ವಾರಕ್ಕೆ ಎರಡು ಸಂಜೆ. ಆರು ತಿಂಗಳು ಮಾಡಿದೆ, ಬಿಟ್ಟೆ. ನಿನ್ನ ನೋಡೋಕೆ ಮೈಸೂರಿಗೆ ಬರೋದಕ್ಕಿಂತ ಮುಂಚೆ."

"ಏನು ನೋಡ್ತಿದ್ರಿ?"

"ಅದರಲ್ಲೇ ಬರೆದಿದೆಯಲ್ಲ ಪ್ರಭಾ."

ಆಗ ಹ್ಯೂಸ್ಟನ್‌ನಲ್ಲಿ ಒಂದು ಕಾಯಿದೆಯಿತ್ತು. ಹುಟ್ಟಿದಾಗ ಗಂಡು ಎಂದು ಬರೆಸಿಕೊಂಡವರು ಹೆಣ್ಣಿನ ಉಡುಪಿನಲ್ಲಿ, ಹೆಣ್ಣು ಎಂದು ಬರೆಸಿಕೊಂಡವರು ಗಂಡಿನ ಉಡುಪಿನಲ್ಲಿ ಬೀದಿಗೆ ಬಂದರೆ ಅಪರಾಧ. ಹಿಡಿದು ತಂದವರಲ್ಲಿ ಯಾರಾದರೂ 'ನಾನು ಹೆಣ್ಣು' ಎಂದು ವಾದಿಸಿದರೆ ಇವರನ್ನು ಕರೆಸುತ್ತಿದ್ದರಂತೆ.

ಪಕ್ಕದ ಊರು ಫ್ರಿಸ್ಕೋದಲ್ಲಿರುವ ಮಗ ವಿಶ್ವಾಸನಿಗೆ ಫೋನ್ ಮಾಡಿದೆ. 'ಒಬ್ಬ ಬಂದಿದ್ದ' ಎನ್ನಲೋ, 'ಬಂದಿದ್ದಳು' ಎನ್ನಲೋ ತಿಳಿಯದೆ ತಡವರಿಸಿದೆ. ಕನ್ನಡದಲ್ಲಿ ಕ್ರಿಯಾಪದವೇ ಬಾಯಿಬಿಡುತ್ತದೆ. ಕೊನೆಗೆ 'ಬಂದಿತ್ತು' ಎಂದೆ. ಹಾಗೆ ಅಂದದ್ದು ನಿಜ, ಇಲ್ಲಿ ಮುಚ್ಚಿಡುವುದಿಲ್ಲ.

"ಅಮ್ಮಾ, ಡೋಂಟ್ ಎಂಗೇಜ್" ಎಂದ ವಿಶ್ವಾಸ್. "ಲಾಯರ್ ಹತ್ರ ಲೆಟರ್ ಕಳಿಸೋಣ."

ಲಾಯರ್ ಬೇಡ, ನಾನೇ ಹೋಗಿ ನಮ್ಮ ತಂಟೆಗೆ ಬರಬೇಡಿ ಎಂದು ಹೇಳಿ ಬರುತ್ತೇನೆ ಎಂದುಕೊಂಡೆ. ಫೋನ್ ಮಾಡಿ ವಿಳಾಸ ತೆಗೆದುಕೊಂಡು, ಗುರುವಾರ ಬೆಳಿಗ್ಗೆ ಡ್ರೈವ್ ಮಾಡಿಕೊಂಡು ಡ್ಯಾಲಸ್‌ನ ಓಕ್ ಕ್ಲಿಫ್‌ಗೆ ಹೋದೆ. ಮೂವತ್ತು ವರ್ಷ ಈ ಸೀಮೆಯಲ್ಲಿದ್ದು ಆ ಕಡೆ ನಾನು ಹೋದದ್ದು ಅದೇ ಮೊದಲು.

ಎರಡನೆಯ ಮಹಡಿಯ ಸಣ್ಣ ಮನೆ. ಆಕೆ ಬಾಗಿಲು ತೆರೆದರು. ಕೂರಲು ಹೇಳಲಿಲ್ಲ. ನಾನೇ ಕೂತೆ. ನೀರು ಬೇಕೇ ಎಂದೂ ಕೇಳಲಿಲ್ಲ. ಗೋಡೆಗೆ ಇಸ್ತ್ರಿ ಮಾಡಿದ ಏಳೆಂಟು ಉಡುಪು ತೂಗುಹಾಕಿತ್ತು, ಒಂದರಲ್ಲೂ ಒಂದು ಸುಕ್ಕಿಲ್ಲ. ಡ್ರೈ ಕ್ಲೀನಿಂಗ್ ಅಂಗಡಿಗಳಲ್ಲಿ ಐವತ್ತು ವರ್ಷ ಇಸ್ತ್ರಿ ಮಾಡಿದ ಕೈ ಅದು.

"ಬೈಪಾಸ್ ಆಗಿದೆ ಅವರಿಗೆ. ಎಪ್ಪತ್ತೈದು ವಯಸ್ಸು. ದಯವಿಟ್ಟು ಬಿಟ್ಟುಬಿಡಿ" ಎಂದೆ.

"ನನಗೂ ಎಪ್ಪತ್ತು. ಸಕ್ಕರೆ ಕಾಯಿಲೆ ಇದೆ, ಒಂದು ಕಣ್ಣು ಮಂಜು. ಬಿಟ್ಟುಬಿಡು ಅಂತ ನಾನು ಯಾರಿಗೆ ಹೇಳಲಿ?"

ಇಂಗ್ಲಿಷಿನಲ್ಲಿ ನೀನು, ನೀವು ಎರಡೂ ಒಂದೇ. ಆದರೆ ಆಕೆ ಮಾತಾಡಿದ್ದೆಲ್ಲ ನನ್ನ ಕಿವಿಗೆ 'ನೀನು' ಎಂದೇ ಬಿತ್ತು.

ಎದ್ದು ಹೋಗಬಹುದಿತ್ತು. ಹೋಗಲಿಲ್ಲ. ಆಕೆ ಮಂಚದ ಕೆಳಗಿನಿಂದ ಒಂದು ಟೋಪಿ ಪೆಟ್ಟಿಗೆ ಎಳೆದು ಮುಚ್ಚಳ ತೆಗೆದರು. ಒಳಗೆಲ್ಲ ಕಾಗದ. ಅದನ್ನು ಒಂದೊಂದಾಗಿ ತೆಗೆಯುತ್ತ, ನನ್ನ ಮುಖ ನೋಡದೆ ತನ್ನ ಕಥೆ ಹೇಳಿದರು.

ಹುಟ್ಟಿದ್ದು ಹ್ಯೂಸ್ಟನ್‌ನ ಫಿಫ್ತ್ ವಾರ್ಡ್ ಎಂಬ ಕಪ್ಪು ಜನರ ಬಡಾವಣೆಯಲ್ಲಿ, ಬಡಗಿಯ ಮನೆಯಲ್ಲಿ, ಮೂರನೆಯ ಮಗನಾಗಿ. ತಾನು ಗಂಡಲ್ಲ ಎಂದು ಆರನೆಯ ವಯಸ್ಸಿಗೇ ಗೊತ್ತಿತ್ತಂತೆ. ಹದಿನಾರಕ್ಕೆ ಅಪ್ಪ ಹೊರಗೆ ಹಾಕಿದರು. ಲಯನ್ಸ್ ಅವೆನ್ಯೂ ಪಕ್ಕದಲ್ಲಿ ತನ್ನಂಥದೇ ಇನ್ನೊಬ್ಬ ಟ್ರಾನ್ಸ್‌ಜೆಂಡರ್ ಹೆಣ್ಣುಮಗಳ ಜೊತೆ ಮನೆ ಹಿಡಿದರು. ಅವಳ ಹೆಸರು ಜೆನೀವಾ. ಹಗಲು ಅಂಗಡಿಯಲ್ಲಿ ಇಸ್ತ್ರಿ. ಪೊಲೀಸರ ಸಮವಸ್ತ್ರವೂ ಅಲ್ಲಿಗೇ ಬರುತ್ತಿತ್ತು. ಸಂಜೆ ಸ್ಕರ್ಟು ಹಾಕಿ ಬಸ್ ಸ್ಟಾಪಿನಲ್ಲಿ ನಿಂತರೆ ಅದೇ ಪೊಲೀಸರು ಹಿಡಿಯುತ್ತಿದ್ದರು. ಅಂಗಿಯ ತೋಳಿನ ಮಡಿಕೆ ನೋಡಿದರೆ ತಾನೇ ಹಾಕಿದ ಇಸ್ತ್ರಿ ಎಂದು ತಿಳಿಯುತ್ತಿತ್ತಂತೆ. ಬಿಳಿಯರಲ್ಲೂ ಇಂಥವರಿದ್ದರು. ಅವರಿಗೆ ಎಚ್ಚರಿಕೆ ಕೊಟ್ಟು ಕಳಿಸುತ್ತಿದ್ದರು, ಇವರಿಗೆ ಲಾಕಪ್ಪು. ಡೆಲ್ಫೀನ್ ಒಬ್ಬರನ್ನೇ ಹನ್ನೊಂದು ಸಲ ಹಿಡಿದರು.

"ಕಾಗದ ಬಿಸಾಡಬೇಡಿ ಅಂತ ನಾನೇ ಎಲ್ಲರಿಗೂ ಹೇಳಿದೆ" ಎಂದರು. "ಹಿಡಿದವರು, ದಿನ, ಹಾಕಿದ್ದ ಬಟ್ಟೆ. ಎಲ್ಲಾ ಇಲ್ಲಿ ತಂದು ಹಾಕಿ ಅಂದೆ. ಕಾಯಿದೆ ಅವರದ್ದು. ಲೆಕ್ಕ ನಮ್ಮದಾಗಲಿ ಅಂತ."

ಹಾಗೆ ನಲವತ್ತಮೂರು ಬಂಧನದ ಕಾಗದ ಸೇರಿತು. ಅದನ್ನು ಹಿಡಿದುಕೊಂಡು ನಗರಸಭೆಯ ಸಾರ್ವಜನಿಕ ಸಭೆಗೆ ಹೋಗುವುದೆಂದು ಇಬ್ಬರೂ ನಿಶ್ಚಯಿಸಿದರು. ಅಲ್ಲಿ ಯಾರು ಬೇಕಾದರೂ ಹೆಸರು ಬರೆಸಿ ಮಾತಾಡಬಹುದಿತ್ತು. ತೊಂದರೆ ಒಂದೇ. ಗಂಡಸಿನ ಸೂಟು ಹಾಕಿ ಹೋದರೆ ತಾನು ಹೆಣ್ಣು ಎಂಬ ಮಾತೇ ಸುಳ್ಳಾಗುತ್ತದೆ. ಸ್ಕರ್ಟು ಹಾಕಿ ಹೋದರೆ ಬಾಗಿಲಲ್ಲೇ ಅಪರಾಧ. ಡೆಲ್ಫೀನ್ ಸ್ಕರ್ಟು ಹಾಕಿಯೇ ಹೋದರು. ಮೆಟ್ಟಿಲ ಮೇಲೆ ಹಿಡಿದರು. ನನ್ನ ಗಂಡನ ಕೈಗೆ ಸಿಕ್ಕಿದ್ದು ಆ ಸಂಜೆಯೇ.

"ಇಬ್ಬರು ಪೊಲೀಸರು ಒಳಗೇ ನಿಂತಿದ್ರು. 'ಡಾಕ್ಟರ್, ಅವರನ್ನ ಆಚೆ ಕಳಿಸಿ' ಅಂದೆ. ಆ ಹುಡುಗ ನನ್ನ ಮುಖ ನೋಡಲಿಲ್ಲ. 'ಎರಡೇ ನಿಮಿಷ' ಅಂದ. ನಾನು ಬೇಡ ಬೇಡ ಅಂತ ಅಳ್ತಾನೇ ಇದ್ದೆ. ಅವನು ಸಹಕರಿಸಿದರು ಅಂತ ಟಿಕ್ ಹಾಕಿದ."

ನಾನು ಸೆರಗಿನಂತೆ ಹೊದ್ದಿದ್ದ ದುಪಟ್ಟಾದ ಅಂಚನ್ನು ತಿರುಚುತ್ತ ಕೂತೆ.

ಮುಂದಿನ ತಿಂಗಳು ಮತ್ತೆ ಹೋದರಂತೆ. ಈಸ್ಟರ್ ಹಬ್ಬಕ್ಕೆಂದು ಅವರ ಚರ್ಚಿನ ಗಾಯಕವೃಂದದ ನಿಲುವಂಗಿಗಳು ಇಸ್ತ್ರಿಗೆ ಬಂದಿದ್ದವು. ಕುತ್ತಿಗೆಯಿಂದ ಕಾಲಿನವರೆಗೆ ಕಡುಕೆಂಪು ಬಟ್ಟೆ, ಗಂಡಸರಿಗೂ ಅದೇ, ಹೆಂಗಸರಿಗೂ ಅದೇ. ಜೆನೀವಾ ಮತ್ತು ಡೆಲ್ಫೀನ್ ಎರಡನ್ನು ಹಾಕಿಕೊಂಡು ಸಭೆಗೆ ನಡೆದರು. ಬಾಗಿಲಲ್ಲಿದ್ದ ಪೊಲೀಸನಿಗೆ ಇದು ಯಾವ ಲಿಂಗದ ಉಡುಪು ಎಂದು ಹೇಳಲಾಗಲಿಲ್ಲ. ಒಳಗೆ ಬಿಟ್ಟ. ಡೆಲ್ಫೀನ್ ನಲವತ್ತಮೂರರಲ್ಲಿ ಒಂಬತ್ತು ಓದುವಷ್ಟರಲ್ಲಿ ಸಮಯ ಮುಗಿಯಿತು. ಒಬ್ಬ ಸದಸ್ಯರು ಪತ್ರಿಕೆ ಓದುತ್ತಿದ್ದರು. ಇಬ್ಬರು ಎದ್ದುಹೋದರು. ಮರುದಿನ ಅಂಗಡಿಯವನು ಕೆಲಸದಿಂದ ತೆಗೆದ. ಆ ಭಾನುವಾರ ಪಾದ್ರಿಗಳು ಚರ್ಚಿನ ಬಾಗಿಲಲ್ಲೇ ನಿಂತು, ಇನ್ನು ಬರಬೇಡಿ ಎಂದರು. ಆದರೂ ಮೂರು ವರ್ಷ, ಬೇರೆ ಬೇರೆ ನಿಲುವಂಗಿ ಹೊಲಿದುಕೊಂಡು, ಉಳಿದ ಮೂವತ್ತನಾಲ್ಕನ್ನೂ ಓದಿ ಮುಗಿಸಿದರು.

1980ರಲ್ಲಿ ಆ ಕಾಯಿದೆ ಹೋಯಿತು. ಹಲವರು ದುಡಿದಿದ್ದರು, ಬಿಳಿಯರ ಸಂಘಗಳೂ ದುಡಿದಿದ್ದವು. ಸಂತೋಷಕೂಟ ಒಂದು ಬಾರಿನಲ್ಲಿ ನಡೆಯಿತು. ಬಾಗಿಲಲ್ಲಿ ಡೆಲ್ಫೀನ್ ಮತ್ತು ಜೆನೀವಾಗೆ ಮಾತ್ರ ಮೂರು ಗುರುತಿನ ಚೀಟಿ ಕೇಳಿದರು. ಮೂರು ಇರಲಿಲ್ಲ. ಮನೆಗೆ ನಡೆದುಕೊಂಡು ಬಂದರು. ಮೂರು ವರ್ಷದ ಮೇಲೆ ಜೆನೀವಾಳನ್ನು ಯಾರೋ ಕೊಂದರು. ಯಾರೆಂದು ಪೊಲೀಸರು ಹುಡುಕಲಿಲ್ಲ. ಆ ವರ್ಷವೇ ಡೆಲ್ಫೀನ್ ಡ್ಯಾಲಸ್‌ಗೆ ಶಿಫ್ಟ್ ಆದರು.

"ಈಗ ಆಸ್ಟಿನ್‌ನ ಶಾಸನಸಭೆಯಲ್ಲಿ ಹೊಸ ಮಸೂದೆ" ಎಂದರು. "ಸರ್ಕಾರಿ ಕಟ್ಟಡದಲ್ಲಿ ಹುಟ್ಟಿದಾಗ ಬರೆದ ಲಿಂಗದ ಟಾಯ್ಲೆಟ್ಟಿಗೇ ಹೋಗಬೇಕಂತೆ. ಯಾರು ನೋಡಿ ಹೇಳೋದು ಅಂತ ಅದರಲ್ಲಿ ಬರೆದಿಲ್ಲ. ಯಾರಾದ್ರೂ ನೋಡಲೇಬೇಕಲ್ಲ. ಹಿಂದೆ ನಿನ್ನ ಗಂಡ ನೋಡಿದ. ಆಗಸ್ಟ್‌ನಲ್ಲಿ ಅಲ್ಲಿ ಜನರ ಸಾಕ್ಷಿ ಕೇಳ್ತಾರೆ. ಅವನು ಬಂದು ಹೇಗೆ ನೋಡಿದೆ ಅಂತ ಹೇಳಲಿ. ಆ ಟಿಕ್ ಸುಳ್ಳು ಅಂತ ಹೇಳಲಿ. ನನಗೆ ಬೇಕಾದ್ದು ಅಷ್ಟೇ."

ಮನೆಗೆ ಬಂದು ಗಂಡನನ್ನು ಕೇಳಿದೆ. "ಅವರು ಅಳ್ತಿದ್ರಾ?"

ಸುಡೊಕು ಪುಸ್ತಕ ಮುಚ್ಚಿಟ್ಟು, "ಹೂಂ" ಎಂದರು.

"ಮತ್ತೆ ಯಾಕೆ ಹಾಗೆ ಬರೆದ್ರಿ?"

"ಇದ್ದಿದ್ದು ಎರಡೇ ಖಾನೆ. ವಿರೋಧಿಸಿದರು ಅಂತ ಹಾಕಿದ್ರೆ ಆಮೇಲೆ ಹೊಡೀತಿದ್ರು. ಒಳ್ಳೇದೇ ಮಾಡ್ತಿದೀನಿ ಅನ್ಕೊಂಡಿದ್ದೆ."

ಭಾನುವಾರ ವಿಶ್ವಾಸ್ ಊಟಕ್ಕೆ ಬಂದ. ತಟ್ಟೆ ಮುಂದಿಟ್ಟುಕೊಂಡು ಅಪ್ಪನಿಗೆ ಬುದ್ಧಿ ಹೇಳಿದ. "ಅಪ್ಪ, ಆಗ ಇಟ್ ವಾಸ್ ದ ಲಾ. ನೀವು ಏನೂ ರಾಂಗ್ ಮಾಡಿಲ್ಲ. ಈಗ ಟೈಮ್ ಸರಿಯಿಲ್ಲ. ನಮ್ಮಂಥವರ ಹೆಸರು ಆನ್‌ಲೈನ್ ಬಂದ್ರೆ ಏನೇನು ಬರೀತಾರೆ ಗೊತ್ತಾ?"

"ತಪ್ಪು ಮಾಡಿಲ್ಲ ಅಂದ್ರೆ ಹೇಳೋಕೆ ಭಯ ಯಾಕೆ?" ಎಂದರು ಇವರು.

"ಪಾಯಿಂಟ್ ಅದಲ್ಲ."

"ಆವತ್ತು ಲಾಕಪ್ಪಲ್ಲಿ ನನಗೂ ಹಾಗೇ ಅನ್ಸಿತ್ತು, ಪಾಯಿಂಟ್ ಅದಲ್ಲ ಅಂತ. ಹೋಗ್ತೀನಿ."

ವಿಶ್ವಾಸ್ ಎದ್ದು ಕೈ ತೊಳೆದ. ಹೋಗುವಾಗ ನನ್ನ ಕಡೆ ತಿರುಗಿ, "ನೀನು ಆ ಮನೆಗೆ ಹೋಗಬಾರದಿತ್ತು" ಎಂದ. ಅವನು ಮಾತಾಡಿದ್ದರಲ್ಲಿ ಪೂರ್ತಿ ಕನ್ನಡದ ವಾಕ್ಯ ಅದೊಂದೇ.

ಆಗಸ್ಟ್‌ನಲ್ಲಿ ಸಾಕ್ಷಿ ಹೇಳುವ ದಿನ ಬೆಳಿಗ್ಗೆ ಐದಕ್ಕೆ ಹೊರಟು, ಓಕ್ ಕ್ಲಿಫ್‌ನಲ್ಲಿ ಡೆಲ್ಫೀನ್ ಅವರನ್ನು ಹತ್ತಿಸಿಕೊಂಡೆವು. ಹಿಂದಿನ ಸೀಟಿನಲ್ಲಿ ಟೋಪಿಯನ್ನು ಮಡಿಲಲ್ಲಿಟ್ಟುಕೊಂಡು ಕೂತರು. ಮೂರೂವರೆ ಗಂಟೆ ದಾರಿ. ನಾನು ಕೊಟ್ಟ ನೀರಿನ ಬಾಟಲಿಯ ಮುಚ್ಚಳ ಸಹ ತೆಗೆಯಲಿಲ್ಲ. ದಾರಿಯಲ್ಲಿ ಯಾವ ಟಾಯ್ಲೆಟ್ಟಿನಲ್ಲಿ ಯಾರು ಏನನ್ನುತ್ತಾರೋ ಎಂದು ಕುಡಿಯುತ್ತಿರಲಿಲ್ಲ. ವೇಕೋ ಊರು ದಾಟಿದ ಮೇಲೆ ಇವರು ಕನ್ನಡಿಯಲ್ಲಿ ನೋಡುತ್ತ, ಖಾನೆಯ ವಿಷಯ ಹೇಳಿದರು. ಹೊಡೆಯುತ್ತಾರೆಂಬ ಭಯಕ್ಕೆ ಹಾಗೆ ಟಿಕ್ ಹಾಕಿದೆ ಎಂದರು.

"ಹೊಡೆದ್ರು" ಎಂದರು ಡೆಲ್ಫೀನ್. "ನೀನು ಹೋದಮೇಲೆ."

ಇವರು ಕನ್ನಡಿಯಿಂದ ಕಣ್ಣು ತೆಗೆದು ರಸ್ತೆ ನೋಡಿದರು.

ಆಸ್ಟಿನ್‌ನಲ್ಲಿ ಸಭಾಂಗಣದ ಹೊರಗೆ ಉದ್ದನೆಯ ಸಾಲು. ಮಸೂದೆಯ ಪರವಾಗಿ ಬಂದವರೇ ಹೆಚ್ಚು. ನಮ್ಮ ಮುಂದಿದ್ದ ತಾಯಿಯೊಬ್ಬಳು ಡೆಲ್ಫೀನ್ ಅವರನ್ನು ಮೇಲಿಂದ ಕೆಳಗೆ ನೋಡಿ, ತನ್ನ ಮಗಳನ್ನು ಇನ್ನೊಂದು ಪಕ್ಕಕ್ಕೆ ಎಳೆದುಕೊಂಡಳು. ಫಲಕ ಹಿಡಿದ ಒಬ್ಬಾತ ಬೇಕೆಂದೇ 'ಸರ್' 'ಸರ್' ಎಂದು ಕರೆಯುತ್ತ ಫೋನಿನಲ್ಲಿ ಚಿತ್ರೀಕರಿಸುತ್ತಿದ್ದ. ನನ್ನ ಸೀರೆಯನ್ನೂ, ಇವರ ಮುಖವನ್ನೂ ಚಿತ್ರಿಸಿದ. ಡೆಲ್ಫೀನ್ ನೆಟ್ಟಗೆ ನಿಂತಿದ್ದರು, ಆರು ಗಂಟೆ ಹೊತ್ತು.

ಒಬ್ಬೊಬ್ಬರಿಗೆ ಎರಡು ನಿಮಿಷ. ಡೆಲ್ಫೀನ್ ಮೈಕಿನ ಮುಂದೆ ಕೂತು ನಿಲುವಂಗಿಯ ಕಥೆ ಶುರುಮಾಡಿದರು. ಪೊಲೀಸನಿಗೆ ಅದು ಯಾರ ಉಡುಪು ಎಂದು ತಿಳಿಯಲಿಲ್ಲ ಎನ್ನುವಷ್ಟರಲ್ಲಿ ಗಂಟೆ ಹೊಡೆಯಿತು. "ಮುಗಿಸಿ" ಎಂದರು ಅಧ್ಯಕ್ಷರು. "ಜೆನೀವಾ ಅಂತ ಒಬ್ಬಳಿದ್ದಳು" ಎಂದರು ಡೆಲ್ಫೀನ್. ಮೈಕು ನಿಂತಿತು.

ಆಮೇಲೆ ಇವರು. ಹಾಳೆ ಮೇಜಿನ ಮೇಲಿಟ್ಟು ಓದಿದರು. "1977ರಲ್ಲಿ ನಾನು ಈ ಮಹಿಳೆಯನ್ನು ಅವರ ಇಚ್ಛೆಗೆ ವಿರುದ್ಧವಾಗಿ, ಇಬ್ಬರು ಪೊಲೀಸರ ಮುಂದೆ ಪರೀಕ್ಷಿಸಿದೆ. ಸಹಕರಿಸಿದರು ಎಂದು ಬರೆದೆ. ಅದು ಸುಳ್ಳು. ಅವರು ಅಳುತ್ತಿದ್ದರು. ಇಂಥ ಕಾಯಿದೆ ಮಾಡಿದರೆ ಯಾರಾದರೂ ಮತ್ತೆ ನನ್ನ ಕೆಲಸ ಮಾಡಬೇಕಾಗುತ್ತದೆ. ಮಾಡಬೇಡಿ."

ನನಗೆ ಹೆಮ್ಮೆಯಾಯಿತು. ಆ ಹೆಮ್ಮೆ ಒಂದು ನಿಮಿಷವೂ ಉಳಿಯಲಿಲ್ಲ. ಒಬ್ಬ ಸದಸ್ಯರು ಮುಂದಕ್ಕೆ ಬಾಗಿ ನಯವಾಗಿ ಕೇಳಿದರು.

"ಡಾಕ್ಟರ್, ಆ ಪರೀಕ್ಷೆಗೆ ಎಷ್ಟು ಹೊತ್ತು ಹಿಡಿಯಿತು?"

"ಎರಡು ನಿಮಿಷ."

"ಲಿಂಗ ಪುರುಷ ಎಂದು ಬರೆದಿರಿ. ವೈದ್ಯಕೀಯವಾಗಿ ಆ ಮಾತು ತಪ್ಪೇ?"

ಇವರು ಮೈಕಿನತ್ತ ಬಾಗಿದರು. "ಆಗ ನಾವು ತಿಳಿದದ್ದು... ದೇಹ ಒಂದೇ ಅಲ್ಲ..." ಎನ್ನುತ್ತಿರುವಾಗ ಗಂಟೆ.

"ಅಂದರೆ ಎರಡೇ ನಿಮಿಷದಲ್ಲಿ ಪತ್ತೆ ಮಾಡಬಹುದು. ಧನ್ಯವಾದ, ಡಾಕ್ಟರ್." ಹಿಂದಿನ ಸಾಲುಗಳಲ್ಲಿ ಯಾರೋ ನಕ್ಕರು.

ಹೊರಗಿನ ಕಾರಿಡಾರಿನಲ್ಲಿ ಡೆಲ್ಫೀನ್ ಬೆಂಚಿನ ಮೇಲೆ ಕೂತಿದ್ದರು. ಇವರು ಎದುರಿಗೆ ನಿಂತರು.

"ಅವರಿಗೆ ಒಬ್ಬ ಡಾಕ್ಟರು ಬೇಕಾಗಿತ್ತು" ಎಂದರು ಆಕೆ. "ನಾನೇ ಕರ್ಕೊಂಡು ಬಂದು ಕೊಟ್ಟೆ. ನೀನು ಹೋಗಿ ಕೂತ್ಕೊಂಡೆ."

"ಕ್ಷಮಿಸಿ."

"ಅದನ್ನ ಕೇಳೋಕೆ ನಾನು ಬಂದಿಲ್ಲ."

ಚೀಲದಿಂದ ಪ್ಲಾಸ್ಟಿಕ್ ಹೊದಿಕೆಯಲ್ಲಿದ್ದ ಮೂಲ ಕಾಗದ ತೆಗೆದರು. ಹಳದಿಯಾಗಿ, ಮಡಿಕೆಯಲ್ಲಿ ಹರಿದಿತ್ತು. ಪೆನ್ನು ಕೊಟ್ಟರು. ಇವರು ಬೆಂಚಿನ ಮೇಲಿಟ್ಟು ಆ ಟಿಕ್ಕನ್ನು ಹೊಡೆದುಹಾಕಿದರು. ಎರಡನೆಯ ಖಾನೆಗೂ ಟಿಕ್ ಹಾಕಲಿಲ್ಲ. ಪಕ್ಕದ ಖಾಲಿ ಜಾಗದಲ್ಲಿ 'ಬೇಡ ಎಂದರು, ಅಳುತ್ತಿದ್ದರು, ನಾನು ನಿಲ್ಲಿಸಲಿಲ್ಲ' ಎಂದು ಬರೆದು, ಸಹಿ ಮಾಡಿ, ತಾರೀಖು ಹಾಕಿದರು. 'ಲಿಂಗ: ಪುರುಷ' ಎಂಬ ಸಾಲಿನ ಮೇಲೆ ಪೆನ್ನು ಹಿಡಿದು ಆಕೆಯ ಮುಖ ನೋಡಿದರು.

"ಅದು ಇರಲಿ" ಎಂದರು ಡೆಲ್ಫೀನ್. "ಅವರು ಏನು ಬರೆಸಿದ್ರು ಅಂತ ಗೊತ್ತಾಗಬೇಕು."

ಕಾಗದ ಒಳಗಿಟ್ಟುಕೊಂಡು ಎದ್ದರು. ನಮ್ಮ ಕಾರಿನಲ್ಲಿ ಬರಲಿಲ್ಲ, ಡ್ಯಾಲಸ್‌ಗೆ ಬಸ್ ಹಿಡಿದರು.

ಮಸೂದೆ ಪಾಸಾಯಿತು. ಆ ಫಲಕದವನು ಸಾಲಿನಲ್ಲಿ ತೆಗೆದ ವಿಡಿಯೋ ನಮ್ಮ ಕನ್ನಡದವರ ವಾಟ್ಸಾಪ್ ಗುಂಪಿಗೂ ಬಂತು. ಯಾರೂ ಒಂದು ಮಾತೂ ಬರೆಯಲಿಲ್ಲ. ದಸರಾ ಕಾರ್ಯಕ್ರಮದ ಪಟ್ಟಿಯಲ್ಲಿ ಪ್ರತಿವರ್ಷ ಇರುತ್ತಿದ್ದ ಇವರ ಹೆಸರು ಮಾತ್ರ ಇರಲಿಲ್ಲ. ನಾನು ಹನ್ನೆರಡು ವರ್ಷದಿಂದ ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದ ಶನಿವಾರದ ಶಾಲೆಯಿಂದ, ಅದನ್ನು ನೋಡಿಕೊಳ್ಳುವ ಶ್ರೀಜಾ ಫೋನ್ ಮಾಡಿದಳು.

"ಆಂಟಿ, ಈ ಸೆಮಿಸ್ಟರ್ ನೀವು ರೆಸ್ಟ್ ತಗೊಳ್ಳಿ. ಕೆಲವು ಪೇರೆಂಟ್ಸ್ ಸ್ವಲ್ಪ ಅನ್‌ಕಂಫರ್ಟಬಲ್ ಆಗಿದ್ದಾರೆ."

"ಯಾವ ಪೇರೆಂಟ್ಸ್?"

"ಹೆಸರು ಬೇಡ ಆಂಟಿ."

ಡಿಸೆಂಬರಿನಲ್ಲಿ ಕಾಯಿದೆ ಜಾರಿಗೆ ಬಂದ ವಾರ ಡೆಲ್ಫೀನ್ ಫೋನ್ ಮಾಡಿದರು. ನಮಸ್ಕಾರವಿಲ್ಲ, ಪೀಠಿಕೆಯಿಲ್ಲ. "ನಿನ್ನ ಗಂಡ ಆರು ತಿಂಗಳು ಆ ಕೆಲಸ ಮಾಡಿದ ಅಂತ ನೀನೇ ಹೇಳಿದ್ದೆ. ನನ್ನೊಬ್ಬಳನ್ನೇ ನೋಡಿರಲ್ಲ. ಇನ್ನೆಷ್ಟು ಜನ?"

ಇವರನ್ನು ಕೇಳಿದೆ. ಹದಿನೈದಿರಬಹುದು, ಇಪ್ಪತ್ತಿರಬಹುದು ಎಂದರು. ಮೂರು ದಿನ ಅಡುಗೆಮನೆಯ ಮೇಜಿನ ಮುಂದೆ ಕೂತು ನೆನಪು ಮಾಡಿಕೊಂಡರು. ಕಾಗದದ ಮೇಲಿದ್ದ ಗಂಡು ಹೆಸರುಗಳು ಮರೆತಿದ್ದವು. ಅವರವರೇ ಹೇಳಿಕೊಂಡಿದ್ದ ಹೆಸರುಗಳಲ್ಲಿ ಮೂರು ನೆನಪಿದ್ದವು. ಅದನ್ನು ಬರೆದುಕೊಂಡು ನಾನು ಓಕ್ ಕ್ಲಿಫ್‌ಗೆ ಹೋದೆ. ಡೆಲ್ಫೀನ್ ಬಾಗಿಲಲ್ಲೇ ನಿಂತು ಚೀಟಿಯನ್ನು ಒಳ್ಳೆಯ ಕಣ್ಣಿನ ಹತ್ತಿರ ಹಿಡಿದು ಓದಿದರು. ಇಬ್ಬರು ಸತ್ತಿದ್ದಾರೆ, ಬರ್ನೀಸ್ ಇದ್ದಾಳೆ, ಹ್ಯೂಸ್ಟನ್‌ನಲ್ಲಿ ತಂಗಿಯ ಮನೆಯಲ್ಲಿ ಎಂದು ನಂಬರು ಬರೆದುಕೊಟ್ಟರು.

ಇವರು ಫೋನ್ ಮಾಡಿದರು. ತಾನು ಯಾರು, ಯಾವ ವರ್ಷ ನೋಡಿದ್ದು, ಈಗ ಯಾಕೆ ಫೋನ್ ಮಾಡಿದ್ದು ಎಂದು ಹೇಳಿದರು. ಆ ಕಡೆಯ ಧ್ವನಿ ನನಗೂ ಕೇಳುತ್ತಿತ್ತು. "ನನಗೆ ಯಾವ ಡಾಕ್ಟರೂ ನೆನಪಿಲ್ಲ. ಇನ್ನೊಂದು ಸಲ ಈ ಮನೆಗೆ ಫೋನ್ ಮಾಡಬೇಡ." ಅಷ್ಟು ಹೇಳಿ ಇಟ್ಟುಬಿಟ್ಟರು.

ಡೆಲ್ಫೀನ್ ಅವರಿಗೆ ತಿಳಿಸಿದೆ.

"ಸರಿ, ಅವಳಿಗೆ ಮಾಡೋದು ಬೇಡ" ಎಂದರು. "ಉಳಿದವರ ಹೆಸರು ಹುಡುಕೋಕೆ ಹೇಳು."